ಮೂವತ್ತೇಳು ದಿನ

ಶಿಡ್ಲಘಟ್ಟದ ಕೋರ್ಟಿನ ಕಾಂಪೌಂಡಿಗೆ ಒರಗಿ
ನನ್ನದೊಂದು ಟೇಬಲ್ಲು, ಹಳೇ ಕಂಪ್ಯೂಟರು,
ಕರೆಂಟು ಹೋದರೆ ಕುಂಯ್‌ಗುಡುವ ಯುಪಿಎಸ್ಸು.
ಬಾಡಿಗೆ ಕರಾರು, ಹೆಸರು ತಿದ್ದುಪಡಿ, ವಂಶವೃಕ್ಷ,
ಯಾರು ಏನು ಹೇಳಿದರೂ
ಬೆರಳು ಮೊದಲು ಓಡುತ್ತದೆ, ಮನಸ್ಸು ಆಮೇಲೆ.

ಇವತ್ತು ಬಂದಾಕೆ ಜೈತೂನ್ ಬಿ.
ಇದ್ಲೂಡು ರಸ್ತೆಯಲ್ಲಿ ಆಕೆಯ ರೀಲಿಂಗ್ ಶೆಡ್ಡು.
ಆರು ಬೇಸಿನ್ನು, ಒಂದು ಬಾಯ್ಲರು,
ಬೆಳಗಾದರೆ ಬೇಯಲು ಕಾದಿದ್ದ ಗೂಡಿನ ಮೂಟೆ.
ಬೆಳಗಾಗಲಿಲ್ಲ; ರಾತ್ರಿಯೇ ಬೆಂದವು.

ಲಾಯರು ಚೀಟಿ ಕೊಟ್ಟು ಕಳಿಸಿದ್ದಾರೆ:
ವಿಳಂಬ ಮನ್ನಾ ಅರ್ಜಿ, ಜೊತೆಗೆ ಪ್ರಮಾಣ ಪತ್ರ.
ಎರಡು ವರ್ಷ ಮೀರಿ ಮೂವತ್ತೇಳು ದಿನ.
ಒಂದೊಂದು ದಿನಕ್ಕೂ ಕಾರಣ ಬೇಕು.

"ಎಲ್ಲಿಂದ ಎಣಿಸ್ತಾರಪ್ಪ? ಬೆಂಕಿ ಬಿದ್ದ ದಿನದಿಂದಲಾ?"
ಅಲ್ಲಮ್ಮ, ಕಂಪನಿ ಕೊಡಲ್ಲ ಅಂದ ಕಾಗದದ ದಿನದಿಂದ.
ನಕ್ಕಳು.
"ಹಂಗಾದ್ರೆ ಉರಿದಿದ್ದು ಲೆಕ್ಕಕ್ಕಿಲ್ಲ. ಬರೆದಿದ್ದು ಲೆಕ್ಕ."

ಆ ಕಾಗದ ಬರೆಯಲು ಅವರು ತಗೊಂಡದ್ದು ಹದಿನಾಲ್ಕು ತಿಂಗಳು.
'ಪರಿಶೀಲನೆಯಲ್ಲಿದೆ', 'ಪರಿಶೀಲನೆಯಲ್ಲಿದೆ', ಐದು ಸಲ.
ಅದಕ್ಕೆ ಮನ್ನಾ ಕೇಳುವ ನಮೂನೆ
ನನ್ನ ಕಂಪ್ಯೂಟರಿನಲ್ಲಿಲ್ಲ.

ಶುರು ಮಾಡಿದೆವು.
ಒಂದನೇ ದಿನ, ಮಗಳಿಗೆ ವಿಜಯಪುರದಲ್ಲಿ ಹೆರಿಗೆ.
ಎಂಟರವರೆಗೆ ಬಾಣಂತನ.
ಒಂಬತ್ತು, ಬ್ರಾಂಚಿಗೆ ಹೋದದ್ದು, ಮ್ಯಾನೇಜರು ರಜೆ.
ಹತ್ತು ಹನ್ನೊಂದು ಶನಿವಾರ ಭಾನುವಾರ.
ಹದಿನಾಲ್ಕು, ಪಾಲಿಸಿ ಹುಡುಕಿದ್ದು. ಅಕ್ಕಿ ಡಬ್ಬದಲ್ಲಿತ್ತು;
ಇನ್ನೊಂದು ಬೆಂಕಿಗೆ ಹೆದರಿ ಅಲ್ಲಿಟ್ಟಿದ್ದಳು,
ಇಟ್ಟದ್ದು ಮರೆತಿದ್ದಳು.
ಇಪ್ಪತ್ತು, ಯಾರದೋ ಶೆಡ್ಡಿನಲ್ಲಿ ಕೂಲಿ. ಬಿಸಿನೀರಿಗೆ ಬೆರಳು ಬೆಂದು
ಪೆನ್ನು ಹಿಡಿಯಲಾಗಲಿಲ್ಲ.

ಇಪ್ಪತ್ತಮೂರು?

ಸುಮ್ಮನಾದಳು.
"ಅವತ್ತೇನಿಲ್ಲ. ಅವತ್ತು ಕೂತಿದ್ದೆ."
ಹುಷಾರಿರಲಿಲ್ಲವಾ? "ಇದ್ದೆ."
ಯಾರಾದರೂ ಬಂದಿದ್ದರಾ? "ಊಹೂಂ.
ಶೆಡ್ಡಿನ ಹೊಸ್ತಿಲ ಮೇಲೆ. ಬೆಳಿಗ್ಗೆಯಿಂದ ಮಗ್ರಿಬ್ ತನಕ. ಹಂಗೇ."

ಹತ್ತೊಂಬತ್ತು ವರ್ಷ ಟೈಪು ಮಾಡಿದ್ದೇನೆ.
ಕೂತಿದ್ದೆ ಅನ್ನುವುದಕ್ಕೆ ಕಾನೂನಿನ ಮಾತು ಸಿಕ್ಕಿಲ್ಲ.
ಸಕಾರಣ ಅಂದರೆ ಓಡಾಡುತ್ತಿರಬೇಕು,
ಇಲ್ಲ ಆಸ್ಪತ್ರೆಯಲ್ಲಿ ಮಲಗಿರಬೇಕು.

"ನಂಗೆ ಗಡುವು ಗೊತ್ತಿಲ್ಲ ಅಂದ್ಕೋಬೇಡ.
ಗೂಡು ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ
ಇನ್ನೆಷ್ಟು ದಿನ ಅಂತ ಹೇಳ್ತೀನಿ.
ಅಷ್ಟರೊಳಗೆ ಬೇಯಿಸ್ಬೇಕು. ತಪ್ಪಿದ್ರೆ ಚಿಟ್ಟೆ ತೂತು ಕೊರ್ಕೊಂಡು ಎದ್ದೋಗುತ್ತೆ,
ಎಳೆ ಎಲ್ಲಾ ತುಂಡು.
ಮೂವತ್ತು ವರ್ಷದಲ್ಲಿ ಒಂದು ಗೂಡೂ ತೂತಾಗೋಕೆ ಬಿಟ್ಟಿಲ್ಲ ನಾನು."

ಆಮೇಲೆ, ನನಗೆ ಹೇಳಿದ್ದಲ್ಲ ಅನ್ನುವ ಹಾಗೆ:
"ಚಿಟ್ಟೆಗೇನೂ ಅದು ತಡ ಅಲ್ಲ."

'ಸದರಿ ದಿನ ಅರ್ಜಿದಾರರು ತೀವ್ರ ಜ್ವರದಿಂದ'
ಅಂತ ಹೊಡೆಯುತ್ತಿದ್ದೆ. ಪರದೆಯತ್ತ ಬಗ್ಗಿದಳು.
"ಜ್ವರ ಯಾರಿಗೆ? ತೆಗಿ.
ಕಸಮ್ ಮೇಲೆ ಬರೆಯೋದು ಇದು."
ಒಂದೊಂದೇ ಅಕ್ಷರ ಅಳಿಸಿದೆ.
'ಸದರಿ ದಿನ ಅರ್ಜಿದಾರರು
ತಮ್ಮ ಶೆಡ್ಡಿನ ಹೊಸ್ತಿಲಲ್ಲಿ ಕೂತಿದ್ದರು.'
ಲಾಯರು ಬೈಯುತ್ತಾರೆ. ಬೈಯಲಿ.

ನಾಲ್ಕು ಪುಟ. ಕೊನೆಯಲ್ಲಿ ಉರ್ದುವಿನಲ್ಲಿ ಸಹಿ,
ನನ್ನ ಸಾಲುಗಳಿಗೆ ಎದುರಾಗಿ ಬಲದಿಂದ ಎಡಕ್ಕೆ,
ಬೆಂಕಿಯ ಕಡೆಗೆ ವಾಪಸು ಹೋಗುವ ಹಾಗೆ.
ನೂರ ಇಪ್ಪತ್ತು ಅಂದೆ. ನೂರು ಕೊಟ್ಟಳು.

ಮೂವತ್ತೇಳನೇ ದಿನ ಇವತ್ತೇ.
ಚಿಕ್ಕಬಳ್ಳಾಪುರದ ಆಯೋಗದಲ್ಲಿ ನಾಲ್ಕರ ಮೇಲೆ ಅರ್ಜಿ ತಗೊಳ್ಳಲ್ಲ.
ಬಸ್ಸು ಎರಡೂ ಹತ್ತಕ್ಕೆ. ಈಗ ಎರಡೂ ಐದು.
ತಪ್ಪಿದರೆ ಸೋಮವಾರ, ನಲವತ್ತು ದಿನ,
ಇನ್ನೂ ಮೂರು ಕಾರಣ.

ಓಡಮ್ಮ, ಅಂದೆ.
ಕಾಗದ ಸೆರಗಿನೊಳಗೆ ಇಟ್ಟುಕೊಂಡಳು,
ಗೂಡಿನ ಆಟೋ ಒಂದು ದಾಟುವವರೆಗೆ ನಿಂತಳು,
ಮೂಸಿದಳು,
ನಡೆದಳು.